ಗಿಲಾವು ಇಲ್ಲದ ಗೋಡೆ



ಕಳೆದ ತಿಂಗಳು ಒಂದು ಭಾನುವಾರ ಬೆಳಗಿನ ಪೂಜೆ ಮುಗಿಸಿ, ವಾಸ್ಕೋದ ನಮ್ಮ ಕನ್ನಡ ಕುಟುಂಬಗಳೆಲ್ಲ ಬಸ್ಸು ಮಾಡಿಕೊಂಡು ಹಳೇ ಗೋವಾಕ್ಕೆ ಹೋಗಿಬಂದೆವು. ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಗೋವಾದಲ್ಲಿ ದುಡಿಯುತ್ತಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಡಿಸೆಂಬರ್ 3ರ ಹಬ್ಬಕ್ಕೆ ನೂಕುನುಗ್ಗಲಿನಲ್ಲಿ ಸಾಲು ನಿಂತು ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ನಮಸ್ಕರಿಸಿ ಬಂದವರೇ ಎಲ್ಲರೂ. ಊರನ್ನು ಮಾತ್ರ ಸಮಾಧಾನವಾಗಿ ನೋಡಿರಲಿಲ್ಲ.

ಜುವಾರಿ ಸೇತುವೆ ದಾಟಿ ಸ್ವಲ್ಪ ದೂರ ಹೋಗುತ್ತಲೇ 'ಗೋವಾ ವೆಲ್ಹಾ' ಎಂಬ ಬೋರ್ಡು ಕಂಡು ಮಕ್ಕಳು "ಬಂತು, ಬಂತು" ಎಂದು ಕೂಗಿದರು. ವೆಲ್ಹಾ ಎಂದರೆ ಹಳೆಯದು ಎಂದೇ ಅರ್ಥ, ಅವರ ತಪ್ಪೇನಿಲ್ಲ. ಆದರೆ ಇದು ನಾವು ಹೊರಟ ಊರಿಗಿಂತಲೂ ಹಳೆಯದು. ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಇತ್ತ ಕಡೆ, ಜುವಾರಿ ದಂಡೆಯಲ್ಲಿ. ಇಲ್ಲಿನ ಸರಕಾರಿ ಬಸ್ಸಿನ ಮೇಲೆ 'ಕದಂಬ' ಎಂದು ಯಾಕೆ ಬರೆದಿದ್ದಾರೆಂದು ಅವತ್ತು ಹಲವರಿಗೆ ಗೊತ್ತಾಯಿತು. ನಾವು ಹೋಗಬೇಕಾದದ್ದು ಇನ್ನೂ ಮುಂದೆ, ಮಾಂಡವಿ ದಂಡೆಗೆ.

ಹಿಂದಿನ ಕಾಲದವರು ಈ ಊರಿಗೆ ಬರುತ್ತಿದ್ದದ್ದು ಹೊಳೆಯಿಂದ. ಅದಕ್ಕೇ ಎಲ್ಲರನ್ನೂ ಮೊದಲು ದಿವಾರ್ ದ್ವೀಪದ ಫೆರ್ರಿ ನಿಲ್ಲುವ ಜಾಗಕ್ಕೆ ಕರೆದುಕೊಂಡು ಹೋದೆ. ಅಲ್ಲೇ ವೈಸರಾಯರ ಕಮಾನು ಇದೆ. ವಾಸ್ಕೋ ಡ ಗಾಮನ ಮರಿಮಗ ಕಟ್ಟಿಸಿದ್ದು. 1954ರಲ್ಲಿ ಮತ್ತೆ ಕಟ್ಟಿದ್ದಾರೆ. ಪೋರ್ಚುಗಲ್‌ನಿಂದ ಬಂದ ಹೊಸ ವೈಸರಾಯ್ ಹಡಗಿನಿಂದಿಳಿದು ಇದರ ಕೆಳಗೆ ಹಾದೇ ಪಟ್ಟಣಕ್ಕೆ ಕಾಲಿಡುತ್ತಿದ್ದ.

ಸ್ವಲ್ಪ ಮೇಲೆ, ಸಂತ ಕಜೆತಾನರ ದೇವಾಲಯದ ಹತ್ತಿರ, ಕಪ್ಪು ಕಲ್ಲಿನ ಒಂದು ಬಾಗಿಲು ಒಂಟಿಯಾಗಿ ನಿಂತಿದೆ. ಅಕ್ಕಪಕ್ಕ ಗೋಡೆಯಿಲ್ಲ, ಹಿಂದೆ ಮನೆಯಿಲ್ಲ. ಬಿಜಾಪುರದ ಆದಿಲಶಾಹಿಗಳ ಅರಮನೆಯಲ್ಲಿ ಉಳಿದದ್ದು ಅಷ್ಟೇ. 1510ರ ನವೆಂಬರ್ 25ರಂದು ಅಲ್ಬುಕರ್ಕ್ ಪಟ್ಟಣವನ್ನು ಗೆದ್ದುಕೊಂಡದ್ದು ಅವರಿಂದಲೇ. ನಮ್ಮಲ್ಲಿ ವಿಜಯಪುರ ಜಿಲ್ಲೆಯ ಒಂದು ಮನೆತನದವರು "ಇದು ನಮ್ಮ ಊರಿಂದು" ಎಂದು ಆ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅದೇ ಅರಮನೆಯಲ್ಲಿ ಮುಂದೆ 1560ರಿಂದ ಧರ್ಮವಿಚಾರಣೆಯ ನ್ಯಾಯಾಲಯ ಕೂತಿತು, 1812ರಲ್ಲಿ ಅದು ರದ್ದಾಗುವವರೆಗೆ ಎಷ್ಟೋ ಜನ ನರಳಿದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ "ಫಾದರ್, ನಿಜವಾ?" ಎಂದು ಕೇಳಿದ. ನಿಜ ಎಂದೆ. ಇದನ್ನು ನಾವು ಹೇಳದೇ ಬಿಟ್ಟರೆ ಬೇರೆಯವರು ಹೇಳುತ್ತಾರೆ.

ಸೆ ಪ್ರಧಾನಾಲಯದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲೇ ಇಲ್ಲ. ರಸ್ತೆ ದಾಟಿ ಬೊಂ ಜೇಸು ಬಸಿಲಿಕಾಕ್ಕೆ ಬಂದೆವು. 1594ರಲ್ಲಿ ಕೆಲಸ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ದೇವಾಲಯ. ಸಂತರ ಸಮಾಧಿಯ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯಿಂದ ಬಂದದ್ದು, 1698ರಲ್ಲಿ ಇಲ್ಲಿ ಜೋಡಿಸಿದರು. ಎಲ್ಲರೂ ಒಳಗೆ ಹೋಗಿ ಪ್ರಾರ್ಥನೆ ಮಾಡಿದರು. ಗದಗ ಕಡೆಯ ನಮ್ಮ ಹಿರಿಯ ಗೌಂಡಿಯೊಬ್ಬರು ಮಾತ್ರ ಹೊರಗೇ ನಿಂತು ಗೋಡೆ ಸವರುತ್ತಿದ್ದರು.

"ಫಾದರ್, ಒಂದ ಮಾತ ಕೇಳ್ಲೇನ್ರಿ? ಎದುರಿನ ಗುಡಿ ಬೆಳ್ಳಗ ಐತಿ. ಇದಕ್ಕ ಯಾಕ ಗಿಲಾವು ಮಾಡಿಲ್ಲ?"

ನಾಲ್ಕು ನೂರು ವರ್ಷದ ಗೋಡೆ ನೋಡಿ ಇಷ್ಟು ಸರಿಯಾದ ಪ್ರಶ್ನೆ ಕೇಳಿದವರನ್ನು ನಾನು ಕಂಡಿರಲಿಲ್ಲ. ಇದಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಪೋರ್ಚುಗೀಸರ ಕೊನೆಗಾಲದಲ್ಲಿ, ಹಳೆಯ ಕಟ್ಟಡ ಹಳೆಯದಾಗಿಯೇ ಕಾಣಲಿ ಎಂದು ಕೆರೆದು ತೆಗೆಸಿಬಿಟ್ಟರು. ಈಗ ನಾವು ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ ನೋಡಿ ಮೆಚ್ಚುವ ಆ ಕೆಂಪು ಬಣ್ಣ ಕಟ್ಟಿದವರ ಕಣ್ಣಿಗೆ ಬಿದ್ದದ್ದು ಕೆಲಸ ನಡೆಯುತ್ತಿದ್ದಾಗ ಮಾತ್ರ.

ಗೌಂಡಿಯವರು ಹೆಬ್ಬೆರಳಿನಿಂದ ಕಲ್ಲು ಒತ್ತಿ ತೋರಿಸಿದರು. ಸಣ್ಣಗೆ ಪುಡಿ ಉದುರಿತು. "ಚಿರೇಕಲ್ಲು ನೀರ ಕುಡಿತೈತ್ರಿ. ಅಂಗಿ ಇಲ್ಲದ ಮಳ್ಯಾಗ ನಿಲ್ಲಿಸಿದಂಗ ಆತು." 2020ರಲ್ಲಿ ಬಸಿಲಿಕಾದ ರೆಕ್ಟರರು ಮಳೆಗಾಲದ ಮೊದಲು ಚಾವಣಿ ದುರಸ್ತಿಯಾಗಬೇಕೆಂದು ಬಹಿರಂಗವಾಗಿಯೇ ಕೇಳಿಕೊಂಡಿದ್ದರು. ಮತ್ತೆ ಗಾರೆ ಮಾಡಬೇಕೋ, ಎಲ್ಲರಿಗೂ ಪರಿಚಿತವಾದ ಕೆಂಪು ರೂಪ ಉಳಿಸಬೇಕೋ ಎಂಬ ಚರ್ಚೆಯೂ ವರ್ಷಗಳಿಂದ ನಡೆದಿದೆ. ನನ್ನನ್ನು ಕೇಳಿದರೆ, ನಾನು ಗೌಂಡಿಯ ಕಡೆ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ಸಂತ ಅಗಸ್ಟೀನರ ಗುಡ್ಡದ ಮೇಲೆ. ಅಲ್ಲಿ ನಿಂತಿರುವುದು ಅರ್ಧ ಗೋಪುರ, 46 ಮೀಟರ್ ಎತ್ತರ. 1835ರಲ್ಲಿ ಸನ್ಯಾಸಿ ಸಭೆಗಳನ್ನು ಹೊರಹಾಕಿದ ಮೇಲೆ ಮಠ ಪಾಳುಬಿತ್ತು. 1842ರಲ್ಲಿ ಮಾಳಿಗೆ ಕುಸಿಯಿತು, 1931ರಲ್ಲಿ ಗೋಪುರದ ಅರ್ಧ ಹೋಯಿತು. ನೋಡಿಕೊಳ್ಳುವವರಿಲ್ಲದ ಮನೆಯ ಕಥೆ ನಮಗೇನು ಹೊಸದಲ್ಲ. ಊರಲ್ಲಿ ಬೀಗ ಹಾಕಿ ಬಂದವರೇ ಅಲ್ಲಿ ಕೂತಿದ್ದರು.

ಇಷ್ಟು ದೊಡ್ಡ ಪಟ್ಟಣ ಯಾಕೆ ಖಾಲಿಯಾಯಿತೆಂದು ಹೆಂಗಸರು ಕೇಳಿದರು. ಕಾರಣ ಹಲವು. ಅದರಲ್ಲಿ ರೋಗ ದೊಡ್ಡದು: ಕಾಲರಾ, ಮಲೇರಿಯಾ. ನೀರು ಇಳಿಸಿಕೊಳ್ಳುವ ಇದೇ ಕೆಂಪು ನೆಲದಲ್ಲಿ ಊರಿನ ಹೊಲಸು ಇಂಗಿ ಬಾವಿ ಕೆಟ್ಟಿತು ಎಂದು ಇತಿಹಾಸ ಬರೆದವರು ಹೇಳುತ್ತಾರೆ. 1759ರಲ್ಲಿ ವೈಸರಾಯರೇ ಪಣಜಿಗೆ ಹೋಗಿಬಿಟ್ಟರು. "ಬಾವಿ ಕೆಟ್ಟರ ಊರು ಬಿಡಾಕ ಬೇಕಲ್ರಿ" ಎಂದು ಒಬ್ಬ ತಾಯಿ ಮಗುವಿಗೆ ರೊಟ್ಟಿ ಮುರಿದು ಕೊಟ್ಟರು.

ವಾಪಸು ಬರುವಾಗ ಗೌಂಡಿಯವರು ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಸಿಮೆಂಟ್ ಮುಟ್ಟಿಸಬಾರದು, ಒಳಗಿನ ನೀರು ಹೊರಗೆ ಬರುವುದಿಲ್ಲ. ಸುಣ್ಣವನ್ನೇ ಕೊಳೆಹಾಕಿ ಹದಮಾಡಬೇಕು. ಮಳೆಗಾಲ ಮುಗಿದ ಮೇಲೆ ಶುರು. "ಅವರು ಹೂಂ ಅಂದ್ರ ನಾ ಬರ್ತೀನ್ರಿ ಫಾದರ್, ಪಗಾರ ಬ್ಯಾಡ."

ಹಿಂದಿನ ಸೀಟಿನಿಂದ ಅವರ ಹೆಂಡತಿ ಹೇಳಿದರು: "ಮೊದಲ ನಮ್ಮ ಅಡಗಿ ಮನಿ ಗ್ವಾಡಿ ಮಾಡ್ರಿ. ಎರಡ ಮಳಿಗಾಲ ಆತು."