ಅವಳೊಬ್ಬಳನ್ನೇ ಕೇಳಬೇಡಿ

ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಮುಂದೆ ಕೂರುವ ಅವಳನ್ನು ನೀವು ಬಲ್ಲಿರಿ, ವೈಟ್‌ಫೀಲ್ಡ್ ಕ್ಯಾಬಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರುವ ಅವಳನ್ನೂ ಬಲ್ಲಿರಿ. ಮೂರನೆಯ ಬಸಿರೂ ನಿಲ್ಲದೆ ಹೋದಾಗ, ಕಾನೂನು ಕೊಡುವ ಆರು ವಾರದ ಸಂಬಳದ ರಜೆಯನ್ನೂ ಕೇಳದೆ, ಜ್ವರವಿತ್ತೆಂದು ಹೇಳಿ ಅವಳು ಕೆಲಸಕ್ಕೆ ಮರಳಿದ್ದನ್ನು ಕಂಡಿರಿ. ಮನೆಯಲ್ಲಿ ಕಾಲ್ಗುಣದ ಮಾತೆದ್ದಿತು, ಜಾತಕ ಹೊರಬಂತು, ಮಗನಿಗೆ ಇನ್ನೊಂದು ಹೆಣ್ಣು ನೋಡೋಣವೆಂಬ ಪಿಸುಮಾತೂ ಅವಳ ಕಿವಿಗೆ ಬಿತ್ತು. ನಿಮಗೆ ಗೊತ್ತಿತ್ತು. ಸುಮ್ಮನಿದ್ದಿರಿ.

ಕಾರಣ ಗಂಡನಲ್ಲೂ ಇರಬಹುದು. ಕೆಲವರಲ್ಲಿ, 46 ಕ್ರೋಮೋಸೋಮುಗಳ ಪೈಕಿ ಎರಡರ ತುಂಡುಗಳು, ಅಣ್ಣತಮ್ಮಂದಿರು ಹೊಲ ಅದಲುಬದಲು ಮಾಡಿಕೊಂಡಂತೆ, ಜಾಗ ಬದಲಿಸಿಕೊಂಡಿರುತ್ತವೆ. ಏನೂ ಕಳೆದಿರುವುದಿಲ್ಲವಾದ್ದರಿಂದ ಆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಆದರೆ ಮಗುವಿಗೆ ಪಾಲು ಹೋಗುವಾಗ ಒಂದು ಕಡೆಯದು ಹೆಚ್ಚಾಗಿ ಇನ್ನೊಂದು ಕಡೆಯದು ಕಡಿಮೆಯಾದರೆ ಬಸಿರು ಉಳಿಯದೆ ಹೋಗಬಹುದು, ಉಳಿದರೂ ಮಗು ತೊಂದರೆಗಳೊಂದಿಗೆ ಹುಟ್ಟಬಹುದು. ಸುಮಾರು ಐನೂರು ಜನರಲ್ಲಿ ಒಬ್ಬರಿಗೆ ಈ ಅದಲುಬದಲು ಇದೆ. ಪದೇ ಪದೇ ಗರ್ಭಪಾತವಾಗುವ ನೂರು ದಂಪತಿಗಳಲ್ಲಿ ಎರಡರಿಂದ ಐದು ಜೋಡಿಗಳಲ್ಲಿ, ಗಂಡನಲ್ಲೋ ಹೆಂಡತಿಯಲ್ಲೋ, ಇದು ಸಿಗುತ್ತದೆ. ಯಾರ ತಪ್ಪೂ ಅಲ್ಲ, ಯಾವ ಪಾಪದ ಫಲವೂ ಅಲ್ಲ.

ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುವವರನ್ನು ನಾನು ತಡೆಯುವುದಿಲ್ಲ. ನೊಂದವರಿಗೆ ದೇವರೂ ಬೇಕು. ಆದರೆ ಅಷ್ಟು ದೂರ ಹೋದವರು, ಕ್ರೋಮೋಸೋಮುಗಳನ್ನು ನೋಡುವ ಕ್ಯಾರಿಯೋಟೈಪ್ ಎಂಬ ಒಂದು ಪರೀಕ್ಷೆಗೆ ಇಬ್ಬರೂ ಒಂದಿಷ್ಟು ರಕ್ತ ಕೊಡಲು ಯಾಕೆ ಹಿಂಜರಿಯಬೇಕು? ನಿಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಯಾರೂ ತೀರ್ಪು ಕೊಡುವುದಿಲ್ಲ, ಮಗು ಬೇಡವೆನ್ನುವುದಿಲ್ಲ. ಇಬ್ಬರನ್ನೂ ಕೂರಿಸಿ, ಮನೆತನದ ವಂಶವೃಕ್ಷ ಬರೆದು, ಮುಂದಿನ ಬಸಿರಿಗೆ ಎಷ್ಟು ಅಪಾಯ, ಯಾವ ದಾರಿಗಳಿವೆ ಎಂದು ಬಿಡಿಸಿ ಹೇಳುತ್ತಾರೆ. ಈ ಬದಲಾವಣೆ ಇರುವ ಎಷ್ಟೋ ಮಂದಿಗೆ ಆರೋಗ್ಯವಂತ ಮಕ್ಕಳಾಗಿದ್ದಾರೆ ಎಂಬುದನ್ನು ಆ ಹೆಣ್ಣುಮಗಳಿಗೆ ಈವರೆಗೆ ಯಾರೂ ಹೇಳಿಲ್ಲ.

ಅತ್ತೆಯವರೇ, ನೀವೂ ಬಸಿರು ಹೊತ್ತವರು, ಅವಳೊಬ್ಬಳನ್ನೇ ಕೇಳಬೇಡಿ. ಗಂಡನಾದವನೇ, ಅವಳೊಬ್ಬಳನ್ನೇ ಲ್ಯಾಬಿಗೆ ಕಳಿಸಬೇಡ, ನೀನೂ ತೋಳು ಚಾಚು. ಇನ್ನು ವರದಿಯಲ್ಲಿ ಬದಲಾವಣೆ ಕಂಡರೆ, ಸಂಬಂಧ ಮುರಿದೀತೆಂದು ಅದನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ಅದು ತಂದೆಯಿಂದಲೋ ತಾಯಿಯಿಂದಲೋ ಬಂದಿದ್ದರೆ ಒಡಹುಟ್ಟಿದವರಲ್ಲೂ ಇರಬಹುದು. ಹೊಸೂರಿನಲ್ಲೋ ತುಮಕೂರಿನಲ್ಲೋ ನಿಮ್ಮ ತಂಗಿ ಎರಡನೆಯ ಬಸಿರನ್ನೂ ಕಳೆದುಕೊಂಡು, ತನ್ನದೇ ಏನೋ ದೋಷವೆಂದು ಕೊರಗುತ್ತಿರಬಹುದು. ಅವಳಿಗೆ ಇವತ್ತೇ ಫೋನ್ ಮಾಡಿ.