ಕಾರು ಎಣಿಸುವವರು ಪಾರ್ಕಿಗೆ ಬರುವ ಜನರನ್ನೂ ಎಣಿಸಲಿ

ನಾಲ್ಕು ಜನ ವಾಕಿಂಗ್ ಮಾಡುವವರಿಗೋಸ್ಕರ ಬೆಂಗಳೂರಿನ ಅಭಿವೃದ್ಧಿ ನಿಲ್ಲಿಸಬೇಕಾ? ಲಾಲ್‌ಬಾಗ್ ಮಾತು ಎದ್ದಾಗಲೆಲ್ಲ ಈ ಪ್ರಶ್ನೆಯನ್ನು ಮುಖಕ್ಕೆ ಎಸೆಯುತ್ತಾರೆ. ಟಿ.ವಿ. ಚರ್ಚೆಯಲ್ಲೂ ಇದೇ ಮಾತು, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಮಾತು. ಹಾಗನ್ನುವವರನ್ನು ನಾನು ಕೇಳುವುದು ಇಷ್ಟೇ: ನಾಲ್ಕೇ ಜನ ಎಂದು ಎಣಿಸಿದವರು ಯಾರು? ಯಾವ ದಿನ, ಯಾವ ಗೇಟಿನಲ್ಲಿ ನಿಂತು ಎಣಿಸಿದರು?

ಕಾರುಗಳ ಲೆಕ್ಕವಂತೂ ಇದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿಲೋಮೀಟರ್ ಸುರಂಗ ರಸ್ತೆ ಕೊರೆಯಲು 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಕು ಎಂದು ಕೇಳಿದಾಗ, ಅದರ ಬೆನ್ನಿಗೆ ವಾಹನ ದಟ್ಟಣೆಯ ಅಂಕಿಅಂಶಗಳಿದ್ದವು. ಇಂದು ಎಷ್ಟು ವಾಹನ, ಇನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಎಷ್ಟಾಗುತ್ತವೆ ಎಂಬ ಅಂದಾಜಿದ್ದರೆ ಸಾಕು, ಕೋಟಿಗಟ್ಟಲೆ ಹಣದ ಬಾಗಿಲು ತೆರೆಯುತ್ತದೆ. ಅದೇ ಯೋಜನೆಗೆ 2025ರಲ್ಲಿ ಲಾಲ್‌ಬಾಗ್‌ನ ಅಂಚಿನಲ್ಲಿ ಜಾಗ ಕೇಳಿದಾಗ, ಆ ತೋಟಕ್ಕೆ ದಿನಾ ಬರುವ ಮನುಷ್ಯರ ಸಂಖ್ಯೆಯನ್ನು ಯಾರೂ ಮೇಜಿನ ಮೇಲೆ ಇಡಲಿಲ್ಲ. ಒಂದು ಕಡೆ ದಪ್ಪನೆಯ ವರದಿ, ಇನ್ನೊಂದು ಕಡೆ ಬರೀ ಮರಗಳ ಮೇಲಿನ ಪ್ರೀತಿ. ಹಣಕಾಸು ಇಲಾಖೆಯ ಮುಂದೆ ಪ್ರೀತಿ ಯಾವತ್ತೂ ಗೆದ್ದಿಲ್ಲ.

ಲಾಲ್‌ಬಾಗ್‌ನಲ್ಲಿ ಜನರನ್ನು ಎಣಿಸುವುದೇ ಇಲ್ಲವೇ? ಎಣಿಸುತ್ತಾರೆ, ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಾಚರಣೆಗೊಮ್ಮೆ ಎಷ್ಟು ಲಕ್ಷ ಜನ ಬಂದರು, ಎಷ್ಟು ಹಣ ಸಂಗ್ರಹವಾಯಿತು ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಏಕೆಂದರೆ ಅಲ್ಲಿ ಟಿಕೆಟ್ ಹರಿಯುತ್ತಾರೆ. ಉಳಿದ ದಿನಗಳಲ್ಲಿ ಬೆಳಗಿನ ಜಾವ ಟಿಕೆಟ್ ಇಲ್ಲದೆ ಒಳಗೆ ಬಂದು, ಕೆಂಪೇಗೌಡ ಗೋಪುರದ ಬಂಡೆ ಹತ್ತಿ ಇಳಿಯುವವನು ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಕಬ್ಬನ್ ಪಾರ್ಕಿಗಂತೂ ಪ್ರವೇಶ ಶುಲ್ಕವೇ ಇಲ್ಲ. 1870ರಿಂದ ಈ ಊರಿಗೆ ನೆರಳು ಕೊಟ್ಟ ಜಾಗ ಅದು. ದುಡ್ಡು ಕೊಡದವನು ಲೆಕ್ಕಕ್ಕಿಲ್ಲ ಎನ್ನುವುದೇ ನಮ್ಮ ಆಡಳಿತದ ಗಣಿತ.

ಒಂದು ಮಧ್ಯಾಹ್ನ ಕಬ್ಬನ್ ಪಾರ್ಕಿನಲ್ಲಿ, ಹೈಕೋರ್ಟಿನ ಹಿಂಭಾಗದ ಮರಗಳ ಕೆಳಗೆ ಸುಮ್ಮನೆ ಕೂತು ನೋಡಿ. ಊರಿಂದ ಕೇಸಿಗೆ ಬಂದ ಗಂಡ ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಇಟ್ಟುಕೊಂಡು, ಮನೆಯಿಂದ ಕಟ್ಟಿ ತಂದ ಬುತ್ತಿ ಬಿಚ್ಚುತ್ತಾರೆ. ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಕಲ್ಲು ಬೆಂಚಿನ ಮೇಲೆ ಮಲಗಿರುತ್ತಾರೆ. ಊಟ ತಲುಪಿಸುವ ಹುಡುಗರು ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಮುಂದಿನ ಆರ್ಡರ್ ಬರುವ ತನಕ ಮೊಬೈಲ್ ನೋಡುತ್ತಿರುತ್ತಾರೆ. ಬಿದಿರುಮೆಳೆಯ ಹತ್ತಿರ ಪರೀಕ್ಷೆಗೆ ಓದುವ ಹುಡುಗಿಯರು. ಇವರಲ್ಲಿ ಯಾರೂ ವಾಕಿಂಗ್ ಶೂ ಹಾಕಿಕೊಂಡವರಲ್ಲ. ಕಾಫಿಗೆ ಇನ್ನೂರು ರೂಪಾಯಿ ಕೊಡದೆ ಕೂರಬಹುದಾದ ಜಾಗ ಈ ಊರಿನಲ್ಲಿ ಇವರಿಗೆ ಇನ್ನೆಲ್ಲಿದೆ? ಇವರನ್ನೇ ‘ನಾಲ್ಕು ಜನ’ ಎನ್ನುವುದು.

ಜನರನ್ನು ಎಣಿಸುವುದು ಬ್ರಹ್ಮವಿದ್ಯೆಯೇನಲ್ಲ. ನ್ಯೂಯಾರ್ಕಿನಲ್ಲಿ ವಿಲಿಯಂ ಎಚ್. ವೈಟ್ ಎಂಬಾತ 1970ರ ದಶಕದಲ್ಲೇ ಕ್ಯಾಮೆರಾ ಇಟ್ಟು, ಚೌಕಗಳಲ್ಲಿ ಜನ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂದು ದಾಖಲಿಸಿದ. ಒಂದು ಕಾಲಕ್ಕೆ ಮಾದಕವಸ್ತು ಮಾರುವವರ ಅಡ್ಡೆಯಾಗಿದ್ದ ಅಲ್ಲಿನ ಬ್ರಯಂಟ್ ಪಾರ್ಕ್ 1992ರಲ್ಲಿ ಹೊಸದಾಗಿ ತೆರೆದಾಗ, ಆತನ ಸಲಹೆಗಳೇ ಅದಕ್ಕೆ ಬುನಾದಿ. ಆ ಪಾರ್ಕಿನವರು ಕೈಯಲ್ಲಿ ಗುಂಡಿ ಒತ್ತುವ ಎಣಿಕೆ ಯಂತ್ರ ಹಿಡಿದು ಮಧ್ಯಾಹ್ನದ ಹೊತ್ತು ಗಂಡಸರು ಎಷ್ಟು, ಹೆಂಗಸರು ಎಷ್ಟು ಎಂದು ಬೇರೆಬೇರೆಯಾಗಿ ಎಣಿಸಿದರು. ಹೆಂಗಸರ ಪಾಲು ಇಳಿದರೆ ಪಾರ್ಕಿನಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ: ದೀಪ ಕೆಟ್ಟಿರಬಹುದು, ಶೌಚಾಲಯಕ್ಕೆ ಬೀಗ ಬಿದ್ದಿರಬಹುದು, ಪುಂಡರು ಸೇರಿರಬಹುದು. ನಮ್ಮಲ್ಲಿ ಯಾವ ವಾರ್ಡಿನ ಪಾರ್ಕಿನಲ್ಲಿ ಹೀಗೆ ಎಣಿಸಿದ್ದಾರೆ?

ಎಣಿಸದೇ ಇರುವುದರಿಂದ ಯಾರಿಗೆ ಲಾಭ ಎಂಬುದನ್ನೂ ನೋಡಬೇಕು. ಪಾರ್ಕಿನ ಹೆಸರಿನಲ್ಲಿ ಬರುವ ಅಷ್ಟಿಷ್ಟು ಹಣ ಎಲ್ಲಿ ಹೋಗುತ್ತದೆ? ಕಮಾನಿಗೆ, ಗ್ರಾನೈಟಿಗೆ, ನಾಲ್ಕು ತಿಂಗಳಿಗೆ ನಿಂತುಹೋಗುವ ಕಾರಂಜಿಗೆ. ಚೆನ್ನಾಗಿದ್ದ ನಡಿಗೆ ಹಾದಿಯನ್ನು ಕಿತ್ತು ಮತ್ತೆ ಹಾಸುತ್ತಾರೆ. ಕಾಮಗಾರಿ ಎಂದರೆ ಬಿಲ್, ಬಿಲ್ ಎಂದರೆ ಕಮಿಷನ್. ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ಹೆಂಗಸರು ಬರುತ್ತಾರೆ ಎಂಬ ಲೆಕ್ಕ ಹೊರಬಿದ್ದರೆ ದುಡ್ಡನ್ನು ಶೌಚಾಲಯಕ್ಕೆ, ಕುಡಿಯುವ ನೀರಿಗೆ, ದೀಪಕ್ಕೆ, ಮಾಲಿಗಳ ಸಂಬಳಕ್ಕೆ ಹಾಕಬೇಕಾಗುತ್ತದೆ. ಅಲ್ಲಿ ಗುತ್ತಿಗೆದಾರನಿಗೆ ಗಿಟ್ಟುವುದು ಕಡಿಮೆ.

ಈ ಕುರುಡು ಪಾರ್ಕಿಗಷ್ಟೇ ಅಂಟಿದ್ದಲ್ಲ. ರಸ್ತೆ ಎಂಜಿನಿಯರುಗಳು ಎಲ್ಲ ವಾಹನವನ್ನೂ ಕಾರಿನ ಅಳತೆಗೆ ಇಳಿಸಿ ಲೆಕ್ಕ ಹಾಕುತ್ತಾರೆ. ಅರವತ್ತು ಜನರನ್ನು ಹೊತ್ತ ಬಿ.ಎಂ.ಟಿ.ಸಿ. ಬಸ್ಸು ಆ ಲೆಕ್ಕದಲ್ಲಿ ಮೂರು ಕಾರಿನ ಆಸುಪಾಸು. ರಸ್ತೆಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂಬುದು ಮುಖ್ಯ, ಒಳಗೆ ಎಷ್ಟು ಜನ ನೇತಾಡುತ್ತಿದ್ದಾರೆ ಎಂಬುದಲ್ಲ. ಬಸ್ಸಿಗೆ ಪ್ರತ್ಯೇಕ ಹಾದಿ ಕೇಳಿದವರಿಗೆ ಜಾಗ ಇಲ್ಲ ಎಂದ ಊರು ಇದು. ಮನುಷ್ಯನನ್ನು ಎಣಿಸದ ಊರಿನಲ್ಲಿ ಬಸ್ಸೂ ಸೋಲುತ್ತದೆ, ಫುಟ್‌ಪಾತೂ ಸೋಲುತ್ತದೆ, ಪಾರ್ಕೂ ಸೋಲುತ್ತದೆ.

ಈಗ ಹೊಸದೊಂದು ಮಾತು ಶುರುವಾಗಿದೆ: ಮೊಬೈಲ್ ಲೊಕೇಶನ್ ನೋಡಿದರೆ ಎಲ್ಲ ಗೊತ್ತಾಗುತ್ತದೆ, ಗೇಟಿನಲ್ಲಿ ನಿಂತು ತಲೆ ಎಣಿಸುವುದೇಕೆ? ಬೇಡ ಸ್ವಾಮಿ. ಜಾರುಬಂಡೆ ಆಡುವ ಐದು ವರ್ಷದ ಮಗುವಿನ ಹತ್ತಿರ ಮೊಬೈಲ್ ಇಲ್ಲ. ಫೋನನ್ನು ಮನೆಯಲ್ಲೇ ಬಿಟ್ಟು ಬರುವ ಅಜ್ಜಿಯೂ ಅದರಲ್ಲಿ ಕಾಣುವುದಿಲ್ಲ. ಪಾರ್ಕಿನ ಮೇಲೆ ಅತಿ ಹೆಚ್ಚು ಹಕ್ಕಿರುವ ಇಬ್ಬರನ್ನೇ ಬಿಟ್ಟುಬಿಡುವ ಲೆಕ್ಕ ನಮಗೆ ಬೇಡ. ಬಡಾವಣೆಯ ಕಾಲೇಜು ಹುಡುಗರಿಗೆ ಕೂಲಿ ಕೊಟ್ಟು ಗೇಟಿನಲ್ಲಿ ನಿಲ್ಲಿಸಿ.

ಎಣಿಸುವಾಗ ಒಂದು ಮೋಸ ನಡೆಯದಂತೆಯೂ ನೋಡಿಕೊಳ್ಳಬೇಕು. ಗೇಟಿಗೆ ಬೀಗ ಜಡಿದು, ಉಯ್ಯಾಲೆಯ ಸರಪಳಿ ಕಿತ್ತುಹೋಗಲು ಬಿಟ್ಟು, ಆಮೇಲೆ ಇಲ್ಲಿಗೆ ಜನವೇ ಬರುವುದಿಲ್ಲ ಎಂದು ಅನುದಾನ ಕತ್ತರಿಸುವ ಚಾಳಿ ನಮ್ಮವರಿಗೆ ಚೆನ್ನಾಗಿ ಗೊತ್ತು. ಜನ ಬಾರದ ಪಾರ್ಕಿಗೆ ಮೊದಲು ಹಣ ಕೊಡಿ, ಆಮೇಲೆ ಮತ್ತೆ ಎಣಿಸಿ.

ಬಿ.ಬಿ.ಎಂ.ಪಿ. ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಹೊಸ ಬೋರ್ಡು, ಹೊಸ ಕುರ್ಚಿ, ಹೊಸ ಬಜೆಟ್ ಎಲ್ಲ ಆಯಿತು. ಮುಂದಿನ ಬಜೆಟ್ ಮಂಡಿಸುವ ಮುನ್ನ ಪ್ರತಿ ಪಾರ್ಕಿನಲ್ಲೂ ಒಂದು ಕೆಲಸದ ದಿನ, ಒಂದು ಭಾನುವಾರ, ಬೆಳಗಿನಿಂದ ರಾತ್ರಿಯವರೆಗೆ ಎಣಿಸಲಿ. ಹೆಂಗಸರು, ಮಕ್ಕಳು, ವಯಸ್ಸಾದವರು ಎಷ್ಟು ಎಂದು ಬೇರೆಬೇರೆ ಬರೆಯಲಿ. ಆ ಸಂಖ್ಯೆಯನ್ನೂ, ಆ ಪಾರ್ಕಿಗೆ ಕೊಟ್ಟ ಹಣವನ್ನೂ ಒಂದೇ ಫಲಕದಲ್ಲಿ ಗೇಟಿನ ಮೇಲೆ ಕನ್ನಡದಲ್ಲಿ ಬರೆಸಲಿ. ಶಾಸಕರ ಹೆಸರು ಬರೆಸಲು ಅಲ್ಲಿ ಯಾವತ್ತೂ ಜಾಗ ಸಾಲದೆ ಹೋಗಿಲ್ಲ.