ಹಾಡುವ ಮೊಬೈಲ್ ಸಿಕ್ಕಿತು, ಹಾಡು ಹಾಕಿಕೊಡುವವರು ಯಾರು?

ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ವೇಗದ ಬೌಲರ್ ಶ್ರೀನಾಥ್ ಅವರಿಂದ. ಹಳೇಬೀಡಿನ ಪ್ರವಾಸ ಮುಗಿಸಿ ಇನ್ನಷ್ಟು ಮುಂದೆ ಸಾಗುವ ತಾಳ್ಮೆಯುಳ್ಳ ಕೆಲವರು ಅಲ್ಲಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನೂ ಕಂಡಿರುತ್ತಾರೆ. ಉಳಿದಂತೆ ಅದು ತೆಂಗಿನ ಸೀಮೆಯ ಒಂದು ಹೋಬಳಿ ಕೇಂದ್ರ. ಇಂತಹ ಊರುಗಳಿಂದ ಬೆಂಗಳೂರು, ಮೈಸೂರು ಸೇರಿಕೊಂಡ ಮಕ್ಕಳು ಹಬ್ಬಕ್ಕೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ: ಅಪ್ಪನಿಗೆ ಯಾವ ಮೊಬೈಲ್ ಕೊಡಿಸುವುದು?

ಅಪ್ಪನ ಬೇಡಿಕೆ ದೊಡ್ಡದೇನಲ್ಲ. ಗುಂಡಿ ಒತ್ತಿದರೆ ಕರೆ ಹೋಗಬೇಕು. ತೋಟದಲ್ಲಿರುವಾಗ ಹಾಡು ಕೇಳಬೇಕು. ಬೆರಳು ತಾಗಿದೊಡನೆ ಯಾವುದೋ ಜಾಹೀರಾತು ತೆರೆದುಕೊಳ್ಳುವ ಸ್ಮಾರ್ಟ್‌ಫೋನ್ ಅವರಿಗೆ ಬೇಡ. ಮಾರುಕಟ್ಟೆಯಲ್ಲಿ ಇದಕ್ಕೆ ಉತ್ತರವಿದೆ. ಆದರೆ ಆ ಉತ್ತರ ಮುಕ್ಕಾಲು ಪಾಲು ಮಾತ್ರ ಪೂರ್ಣವಾಗಿದೆ ಎಂಬುದು ಪೆಟ್ಟಿಗೆಯ ಮೇಲಿನ ಬರಹದಿಂದ ತಿಳಿಯುವುದಿಲ್ಲ.

ಮಾತು ಮತ್ತು ಹಾಡು ಎರಡನ್ನೂ ಒಂದೇ ಉಪಕರಣದಲ್ಲಿ ಕೂಡಿಸುವ ಯತ್ನಕ್ಕೆ ಎರಡು ದಶಕಗಳ ಇತಿಹಾಸವಿದೆ. 2005ರಲ್ಲಿ ಸೋನಿ ಎರಿಕ್‌ಸನ್ ಡಬ್ಲ್ಯೂ800 ಎಂಬ ವಾಕ್‌ಮನ್ ಫೋನನ್ನು 512 ಎಂಬಿ ಕಾರ್ಡಿನೊಂದಿಗೆ ಬಿಡುಗಡೆ ಮಾಡಿತು. ಅದರಲ್ಲಿ ಫೋನಿನ ಭಾಗವನ್ನು ಸಂಪೂರ್ಣ ಮಲಗಿಸಿ ಹಾಡನ್ನಷ್ಟೇ ನುಡಿಸುವ ಅನುಕೂಲವಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೊಟೊರೊಲಾ ಮತ್ತು ಆ್ಯಪಲ್ ಜೊತೆಯಾಗಿ ತಂದ ರೋಕರ್ ಇ1 ನೂರು ಹಾಡುಗಳಿಗೆ ನಿಂತುಬಿಟ್ಟಿತು. ಕಾರ್ಡಿನಲ್ಲಿ ಜಾಗ ಉಳಿದಿದ್ದರೂ ನೂರಾಒಂದನೆಯ ಹಾಡಿಗೆ ಪ್ರವೇಶವಿರಲಿಲ್ಲ. ಗ್ರಾಹಕರು ಅದನ್ನು ಒಪ್ಪಲಿಲ್ಲ. 2007ರಲ್ಲಿ ನೋಕಿಯಾ ಪ್ರಕಟಿಸಿದ 5310 ಎಕ್ಸ್‌ಪ್ರೆಸ್‌ಮ್ಯೂಸಿಕ್ ಪರದೆಯ ಪಕ್ಕದಲ್ಲಿ ಹಾಡಿಗೆಂದೇ ಮೂರು ಗುಂಡಿಗಳನ್ನು ಇಟ್ಟುಕೊಂಡಿತ್ತು, ದಪ್ಪ ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ಆ ವರ್ಷವೇ ಐಫೋನ್ ಬಂದುದರಿಂದ ಈ ಇಡೀ ವರ್ಗ ನಿಧಾನವಾಗಿ ನೇಪಥ್ಯಕ್ಕೆ ಸರಿಯಿತು.

ಸರಿದದ್ದು ಶಾಶ್ವತವಾಗಿ ಅಲ್ಲ. ನೋಕಿಯಾ ಹೆಸರಿನ ಪರವಾನಗಿ ಪಡೆದ ಎಚ್‌ಎಂಡಿ ಗ್ಲೋಬಲ್ 2020ರ ಜೂನ್‌ನಲ್ಲಿ ಅದೇ 5310 ಎಂಬ ಸಂಖ್ಯೆಯನ್ನು 3,399 ರೂಪಾಯಿ ಬೆಲೆಗೆ ಭಾರತಕ್ಕೆ ಮರಳಿ ತಂದಿತು. 2.4 ಅಂಗುಲದ ಪರದೆ, ಮುಖದ ಕಡೆಗೇ ಎರಡು ಸ್ಪೀಕರ್, ಪಕ್ಕದಲ್ಲಿ ಹಾಡಿನ ಗುಂಡಿಗಳು, 3.5 ಮಿಲಿಮೀಟರ್ ಇಯರ್‌ಫೋನ್ ಕಿಂಡಿ, ಬಿಚ್ಚಿ ಬದಲಿಸಬಹುದಾದ 1200 ಎಂಎಎಚ್ ಬ್ಯಾಟರಿ. ಆ ಮಾದರಿ ಅಂಗಡಿಯಲ್ಲಿ ಸಿಗಲಿ ಬಿಡಲಿ, ಹಾಡು ಕೇಳಲೆಂದೇ ಕೊಳ್ಳುವ ಯಾವುದೇ ಕೀಪ್ಯಾಡ್ ಮೊಬೈಲನ್ನು ಅಳೆಯಲು ಅದೊಂದು ಯೋಗ್ಯ ಮಾನದಂಡ.

ಮೊದಲಿಗೆ ಬ್ಯಾಟರಿ. ಹಾಡು ಮುಗಿದ ಮೇಲೂ ಕರೆಗೆ ಶಕ್ತಿ ಉಳಿದಿರಬೇಕೆಂಬುದು ಇಲ್ಲಿನ ಕನಿಷ್ಠ ಅಪೇಕ್ಷೆ. ಸ್ಮಾರ್ಟ್‌ಫೋನುಗಳ 5000 ಎಂಎಎಚ್ ಎದುರು 1200 ಎಂಬುದು ಬಡವಾಗಿ ಕಾಣಿಸಿದರೂ ಸಣ್ಣ ಪರದೆ, ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳಿಲ್ಲದ ಸರಳ ವ್ಯವಸ್ಥೆ ಆ ಕೊರತೆಯನ್ನು ತುಂಬಿಕೊಡುತ್ತವೆ. ಕರೆಂಟು ಹೋದ ದಿನ ಇದರ ಬೆಲೆ ತಿಳಿಯುತ್ತದೆ. ಆದರೆ ಸ್ಪೀಕರಿನಲ್ಲಿ ಗಟ್ಟಿಯಾಗಿ ನುಡಿಸಿದಾಗ ಆಗುವ ಖರ್ಚು ಇಯರ್‌ಫೋನಿನ ಖರ್ಚಿಗಿಂತ ಬಹಳ ಹೆಚ್ಚು. ಕಂಪನಿಗಳು ಪ್ರಕಟಿಸುವ ಗಂಟೆಗಳ ಲೆಕ್ಕ ಯಾವ ಬಗೆಯ ಆಲಿಕೆಯದು ಎಂದು ನೋಡಿಕೊಳ್ಳದೆ ನಂಬುವುದು ಜಾಣತನವಲ್ಲ. ಎರಡು ದಶಕಗಳ ಹಿಂದಿನ ಸೋನಿ ಎರಿಕ್‌ಸನ್ ಫೋನಿನ ಗಂಟೆಗಳನ್ನೂ ಫೋನ್ ಮಲಗಿದ್ದಾಗ ಒಂದು, ಎಚ್ಚರವಿದ್ದಾಗ ಇನ್ನೊಂದು ಎಂದೇ ಬೇರ್ಪಡಿಸಬೇಕಿತ್ತು.

ಇನ್ನು ರೇಡಿಯೊ. ಅರಸೀಕೆರೆ, ಬೇಲೂರು ಸೀಮೆಯ ಹಿರಿಯರಿಗೆ ಹಾಡೆಂದರೆ ಮೊದಲು ಆಕಾಶವಾಣಿ. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ ಮಧ್ಯಮ ತರಂಗಾಂತರದಲ್ಲಿ ಕೇಳಿಸುತ್ತಿತ್ತು. ಹಾಸನ ಕೇಂದ್ರದ್ದು ಎಫ್‌ಎಂ. ಮೊಬೈಲಿನೊಳಗಿನ ರೇಡಿಯೊ ಎಫ್‌ಎಂ ಅನ್ನು ಮಾತ್ರ ಹಿಡಿಯುತ್ತದೆ, ಮಧ್ಯಮ ತರಂಗ ಅದಕ್ಕೆ ಅಪರಿಚಿತ. ಭದ್ರಾವತಿಯ ಮಧ್ಯಮ ತರಂಗದ ಪ್ರಸಾರವನ್ನು ಹೊಸ ಮೊಬೈಲು ಹಿಡಿದುಕೊಡುತ್ತದೆಂದು ಭಾವಿಸಿದವರಿಗೆ ನಿರಾಸೆ ಖಚಿತ. ಬಹುತೇಕ ಮೊಬೈಲುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿರುವುದರಿಂದ ತಂತಿ ಚುಚ್ಚದೆ ರೇಡಿಯೊ ಬಾಯಿ ಬಿಡುವುದಿಲ್ಲ. 5310ರಲ್ಲಿ ತಂತಿಯಿಲ್ಲದೆಯೂ ಎಫ್‌ಎಂ ಕೇಳುವ ಅನುಕೂಲವಿದೆ. ಕೇಂದ್ರದಿಂದ ದೂರ ಹೋದಂತೆ ತಂತಿ ಚುಚ್ಚಿದರೆ ಧ್ವನಿ ಸ್ಪಷ್ಟವಾಗುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದು ಅಪರೂಪ. ದುಬಾರಿ ಸ್ಮಾರ್ಟ್‌ಫೋನ್‌ಗಳು ಎಫ್‌ಎಂ ಅನ್ನೇ ಕೈಬಿಡತೊಡಗಿದ್ದನ್ನು ಗಮನಿಸಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಎಲ್ಲ ಮೊಬೈಲುಗಳಲ್ಲೂ ಅದನ್ನು ಚಾಲ್ತಿಯಲ್ಲಿಡುವಂತೆ ತಯಾರಕರಿಗೆ ಸಲಹೆ ನೀಡಿತು. ಸಲಹೆ ಎಂದರೆ ಆದೇಶವಲ್ಲವಷ್ಟೆ.

ಫೋನಿನ ಕಡೆಗೆ ಬಂದರೆ ದೋಷ ಎದ್ದುಕಾಣುತ್ತದೆ. 2020ರ 5310 ಕೇವಲ 2ಜಿ ಉಪಕರಣ. ಜಿಯೋ ಸಂಸ್ಥೆಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ ಇದರಲ್ಲಿ ಕೆಲಸ ಮಾಡದು. ಮನೆಮಂದಿಯೆಲ್ಲ ಜಿಯೋದಲ್ಲಿದ್ದರೆ ಅಪ್ಪನ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯಬೇಕಾಗುತ್ತದೆ. ಅಷ್ಟೇ ಅಲ್ಲ, 2ಜಿ ಮತ್ತು 3ಜಿ ಜಾಲಗಳನ್ನು ಪೂರ್ತಿ ಮುಚ್ಚುವ ನೀತಿ ರೂಪಿಸಬೇಕೆಂದು ಜಿಯೋ 2024ರ ಆರಂಭದಲ್ಲಿ ಟ್ರಾಯ್ ಮುಂದೆ ವಾದಿಸಿತ್ತು. ಅಂತಹ ನಿರ್ಧಾರವೊಂದು ಎಂದಾದರೂ ಬಂದರೆ ಈ ಬಗೆಯ ಮೊಬೈಲ್ ಹಾಡುತ್ತಲೇ ಇರುತ್ತದೆ, ಮಾತು ಮಾತ್ರ ನಿಂತುಹೋಗುತ್ತದೆ.

ಪ್ರತಿಸ್ಪರ್ಧಿಯೂ ಇದೆ. 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ 4ಜಿ ಮೊಬೈಲ್. ಕಾರ್ಡಿನ ಮಿತಿ 128 ಜಿಬಿ, ಜೊತೆಗೆ ಜಿಯೋಸಾವನ್ ಸಂಗೀತ. ಬೆಲೆಯಲ್ಲಿ ನೋಕಿಯಾದ ಮೂರನೆಯ ಒಂದು ಪಾಲಿಗೂ ಕಡಿಮೆ. ಆದರೆ ಜಿಯೋ ಸಿಮ್ ಬಿಟ್ಟು ಬೇರೆಯದನ್ನು ಅದು ಒಪ್ಪದು. ಬಂದಾಗ ಅದಕ್ಕೆಂದು ಇಟ್ಟ ಪ್ಲ್ಯಾನ್ 28 ದಿನಕ್ಕೆ 123 ರೂಪಾಯಿಯದು. ಹಾಡನ್ನು ಕಾರ್ಡಿನಲ್ಲಿಟ್ಟುಕೊಂಡು ಕರೆಗಷ್ಟೇ ಮೊಬೈಲ್ ಬಳಸುವವರು ಡೇಟಾಕ್ಕೇಕೆ ಹಣ ತೆರಬೇಕು? 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಮೊನಚಾಯಿತು. ಅದೇ ಡಿಸೆಂಬರ್‌ನಲ್ಲಿ ಟ್ರಾಯ್ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನುಗಳನ್ನು ಕಡ್ಡಾಯಗೊಳಿಸಿತು. 2025ರ ಜನವರಿಯಲ್ಲಿ ಏರ್‌ಟೆಲ್ ಅಂತಹ ಪ್ಲ್ಯಾನನ್ನು 84 ದಿನಕ್ಕೆ 469 ರೂಪಾಯಿಗೆ, ವರ್ಷಕ್ಕೆ 1,849 ರೂಪಾಯಿಗೆ ನಿಗದಿ ಮಾಡಿತು. ಡೇಟಾ ಬೇಡವೆನ್ನುವವರ ಪಾಲಿಗೆ ಇದು ಸಮಾಧಾನವೇ ಹೊರತು ಅಗ್ಗವೇನಲ್ಲ.

ಇಷ್ಟೆಲ್ಲ ತೂಗಿ ಮೊಬೈಲ್ ಕೊಂಡದ್ದಾಯಿತು. ಊರಿಗೆ ಒಯ್ದು ಅಪ್ಪನ ಕೈಗಿಟ್ಟದ್ದೂ ಆಯಿತು. ಅದರೊಳಗೆ ಹಾಡೆಲ್ಲಿದೆ?

5310ರ ಸ್ವಂತ ಸಂಗ್ರಹ ಸಾಮರ್ಥ್ಯ 16 ಎಂಬಿ. ಎರಡು ಮೂರು ಹಾಡುಗಳಿಗೆ ಅದು ತುಂಬಿಹೋಗುತ್ತದೆ. 32 ಜಿಬಿ ಕಾರ್ಡ್ ಹಾಕಿದಾಗ ಮಾತ್ರ ಅದೊಂದು ಮ್ಯೂಸಿಕ್ ಪ್ಲೇಯರ್. ಸಾಧಾರಣ ಗುಣಮಟ್ಟದ ಐದು ನಿಮಿಷದ ಎಂಪಿ3 ಹಾಡು ಸುಮಾರು 5 ಎಂಬಿ ಎಂದುಕೊಂಡರೆ ಆ ಕಾರ್ಡಿನಲ್ಲಿ ಆರು ಸಾವಿರ ಹಾಡು ಹಿಡಿಸುತ್ತವೆ. ತಯಾರಕರ ಹೊಣೆ ಅಲ್ಲಿಗೆ ಮುಗಿಯುತ್ತದೆ. ಕಾರ್ಡನ್ನು ತುಂಬಿಸಿಕೊಡುವವರು ಯಾರೆಂಬುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಹಾಡುವ ಮೊಬೈಲಿನ ಯೋಗ್ಯತೆ ತೀರ್ಮಾನವಾಗುವುದು ಈ ಜಾಗದಲ್ಲಿ.

ಮೊದಲು ಇದಕ್ಕೊಂದು ವ್ಯವಸ್ಥೆ ತಾನಾಗಿಯೇ ಬೆಳೆದಿತ್ತು. 1978ರಲ್ಲಿ ‘ನಿತ್ಯೋತ್ಸವ’ದೊಂದಿಗೆ ಭಾವಗೀತೆ ಕ್ಯಾಸೆಟ್ ರೂಪದಲ್ಲಿ ಕನ್ನಡಿಗರ ಮನೆ ಹೊಕ್ಕಿತು. ಬಳಿಕ ನೂರಾರು ಹಾಡು ಹೊತ್ತ ಎಂಪಿ3 ಸಿಡಿಗಳು ಬಂದವು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಕಂಡ ನಂತರದ ವರ್ಷಗಳಲ್ಲಿ ಹೊಸ ಚಿತ್ರದ ಹಾಡುಗಳು ಕಾರ್ಡಿನಿಂದ ಕಾರ್ಡಿಗೆ, ಬ್ಲೂಟೂತಿನಿಂದ ಬ್ಲೂಟೂತಿಗೆ ಹರಿದವು. ಬಸ್ ನಿಲ್ದಾಣದ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯೇ ಹಾಡಿನ ಅಂಗಡಿಯೂ ಆಯಿತು. ಕಾರ್ಡ್ ಕೊಟ್ಟು, ಹಳೆಯ ರಾಜ್‌ಕುಮಾರ್ ಹಾಡು, ದೇವರ ನಾಮ, ಜನಪದ ಎಂದು ಹೇಳಿ ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡ್ ತುಂಬಿರುತ್ತಿತ್ತು. ಗಿರಾಕಿಗೆ ಕಂಪ್ಯೂಟರ್ ಗೊತ್ತಿರಬೇಕಾಗಿರಲಿಲ್ಲ, ಇಂಗ್ಲಿಷ್ ಬರಬೇಕಾಗಿರಲಿಲ್ಲ.

ಆ ವ್ಯಾಪಾರ ಕಾನೂನಿನ ಕಣ್ಣಿನಲ್ಲಿ ಅಪರಾಧವೆಂಬುದನ್ನು ಮರೆಮಾಚುವಂತಿಲ್ಲ. ಪರವಾನಗಿಯಿಲ್ಲದೆ ಹಾಡು ನಕಲು ಮಾಡಿ ಮಾರುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಸಾಲದೆಂಬಂತೆ ಕರ್ನಾಟಕ ಸರ್ಕಾರ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಹಾಡು ಬರೆದವರಿಗೆ, ಹಾಡಿದವರಿಗೆ, ಧ್ವನಿಸುರುಳಿಗೆ ಬಂಡವಾಳ ಹೂಡಿದವರಿಗೆ ಸಲ್ಲಬೇಕಾದ ಹಣ ಸಲ್ಲದೇ ಹೋದದ್ದು ನಿಜವಾದ ನಷ್ಟ. ಆದರೆ ಹತ್ತಿಪ್ಪತ್ತು ರೂಪಾಯಿಗೆ ಕಾರ್ಡ್ ತುಂಬಿಸುವವನನ್ನು ಗೂಂಡಾಗಳ ಸಾಲಿನಲ್ಲಿ ನಿಲ್ಲಿಸಿದ್ದು ಅತಿಯಾಯಿತು. ಆ ಅಂಗಡಿಗೆ ಸುಲಭ ದರದ ಪರವಾನಗಿ ಕೊಟ್ಟು ಹೋಬಳಿ ಹೋಬಳಿಗೂ ಅಧಿಕೃತ ಮಾರಾಟಗಾರನನ್ನು ಬೆಳೆಸಿಕೊಳ್ಳುವ ಅವಕಾಶ ಉದ್ಯಮಕ್ಕಿತ್ತು. ಅಗ್ಗದ ಡೇಟಾ ಬಂದೊಡನೆ ಎಲ್ಲರ ಗಮನ ಸ್ಟ್ರೀಮಿಂಗ್ ಕಡೆಗೆ ಹೊರಳಿತು.

ಸ್ಟ್ರೀಮಿಂಗ್ ಆ್ಯಪ್‌ಗಳ ಕಥೆಯೂ ಭರವಸೆ ಹುಟ್ಟಿಸುವಂತಹದಲ್ಲ. ಗಾನಾ 2022ರಲ್ಲಿ ಉಚಿತ ಸೇವೆ ನಿಲ್ಲಿಸಿ ಚಂದಾದಾರರಿಗಷ್ಟೇ ಸೀಮಿತವಾಯಿತು. ರೆಸ್ಸೊ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿತು. ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಅನ್ನು ಮುಚ್ಚುವುದಾಗಿ ಅದೇ ಆಗಸ್ಟ್‌ನಲ್ಲಿ ಪ್ರಕಟಿಸಿತು. ಇಂತಹ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿಟ್ಟ ಹಾಡು ಆ್ಯಪ್ ಇರುವವರೆಗೆ ಮಾತ್ರ ಕೇಳುಗನದು. ಅದನ್ನು ಕಾರ್ಡಿಗೆ ಹಾಕಿ ಅಪ್ಪನ ಕೀಪ್ಯಾಡ್ ಮೊಬೈಲಿನಲ್ಲಿ ನುಡಿಸಲು ಬಾರದು. ಎಂಪಿ3 ಕಡತಕ್ಕೆ ಇಂತಹ ಹಂಗಿಲ್ಲ.

ಈ ಕೊರತೆಯನ್ನು ಮೊದಲು ಅರಿತದ್ದು ಹಾಡಿನ ಕಂಪನಿಯೇ. ಸರೆಗಮ 2017ರಲ್ಲಿ ಐದು ಸಾವಿರ ಹಾಡುಗಳನ್ನು ಮೊದಲೇ ತುಂಬಿದ ಕಾರವಾನ್ ಪೆಟ್ಟಿಗೆಯನ್ನು ತಂದು ಹಿರಿಯರ ಮನ ಗೆದ್ದಿತು. ಬಳಿಕ 1500 ಹಾಡು ತುಂಬಿದ ಕಾರವಾನ್ ಮೊಬೈಲನ್ನೂ ತಂದಿತು. ಹಾಡು ತುಂಬಿಯೇ ಕೊಡುವ ಈ ಉಪಾಯ ಸರಿಯಾದುದು. ಒಂದೇ ಕಂಪನಿಯ ಭಂಡಾರದಲ್ಲಿ ಅಪ್ಪನಿಗೆ ಬೇಕಾದದ್ದೆಲ್ಲ ಸಿಗಲಾರದು ಎಂಬುದೇ ಅದರ ಮಿತಿ. ಕನ್ನಡ ಹಾಡುಗಳ ಹಕ್ಕು ಹತ್ತಾರು ಕಂಪನಿಗಳಲ್ಲಿ ಹಂಚಿಹೋಗಿದೆ.

ಕೊನೆಗೆ ಹೊಣೆ ಬಂದು ಬೀಳುವುದು ನಗರದಲ್ಲಿರುವ ಮಗ ಅಥವಾ ಮಗಳ ಮೇಲೆ. ಮನೆಯಲ್ಲಿ ಉಳಿದಿರುವ ಸಿಡಿಗಳನ್ನು, ಹಣ ಕೊಟ್ಟು ಪಡೆದ ಕಡತಗಳನ್ನು ಎಂಪಿ3ಗೆ ಬದಲಿಸಿ ತುಂಬಿಸಬೇಕು. ಸ್ವಂತ ಬಳಕೆಯ ಪ್ರತಿಗೆ ಕಾಯ್ದೆಯ 52ನೇ ಕಲಮು ಒಂದಿಷ್ಟು ಅವಕಾಶ ಕೊಡುತ್ತದೆ. ಆರು ಸಾವಿರ ಹಾಡು ತುಂಬುವ ಚಪಲ ಬೇಡ. ಗುಂಡಿ ಒತ್ತಿ ಒತ್ತಿ ಹುಡುಕಬೇಕಾದ ಮೊಬೈಲಿನಲ್ಲಿ ಇನ್ನೂರು ಹಾಡು ಆರು ಸಾವಿರಕ್ಕಿಂತ ಉಪಯುಕ್ತ. ‘ಭಕ್ತಿ’, ‘ಸಿನಿಮಾ’, ‘ಜನಪದ’ ಎಂದು ಪ್ರತ್ಯೇಕ ಫೋಲ್ಡರ್ ಮಾಡಿ ಹಾಡಿನ ಹೆಸರನ್ನು ಕನ್ನಡದಲ್ಲೇ ಬರೆಯುವುದು ಒಳಿತು. ಸಂದೇಶಗಳು ಭಾರತೀಯ ಭಾಷೆಗಳಲ್ಲಿ ಓದಲು ಬರಬೇಕೆಂದು ಮೊಬೈಲುಗಳಿಗೆ ಐಎಸ್ 16333 ಮಾನಕ ವಿಧಿಸಿದೆ. ಮ್ಯೂಸಿಕ್ ಪ್ಲೇಯರಿನ ಪಟ್ಟಿಯಲ್ಲೂ ಕನ್ನಡ ಅಕ್ಷರ ಚೌಕವಾಗದೆ ಮೂಡುತ್ತದೆಯೇ ಎಂಬುದನ್ನು ಒಂದು ಕಾರ್ಡ್ ಒಯ್ದು ಅಂಗಡಿಯಲ್ಲೇ ಪರೀಕ್ಷಿಸಬೇಕು.

ಜೊತೆಗೊಂದು ಇಯರ್‌ಫೋನ್ ಕೊಡಿಸುವುದೂ ಅಗತ್ಯ. ಎರಡು ಸ್ಪೀಕರುಗಳ ಗಟ್ಟಿ ಧ್ವನಿ ತೋಟದಲ್ಲಿ ಗುಣ, ಬಸ್ಸಿನಲ್ಲಿ ದೋಷ. ಹೈಕೋರ್ಟ್ ನಿರ್ದೇಶನದ ಹಿನ್ನೆಲೆಯಲ್ಲಿ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು ಹಾಕುವುದನ್ನು ನಿಷೇಧಿಸಿತು. ಮಾತು ಕೇಳದ ಪ್ರಯಾಣಿಕರನ್ನು ಇಳಿಸಲು ನಿರ್ವಾಹಕರಿಗೆ ಅಧಿಕಾರವಿದೆ. ಅರಸೀಕೆರೆಗೆ ಸಂತೆಗೆ ಹೊರಟ ಹಿರಿಯರು ಅರ್ಧ ದಾರಿಯಲ್ಲಿ ಇಳಿಯಬೇಕಾದೀತು. ಇನ್ನು ಕಾರ್ಡುಗಳು ಮುನ್ಸೂಚನೆಯಿಲ್ಲದೆ ಕೆಡುತ್ತವೆ. ತುಂಬಿಸಿದ ಹಾಡುಗಳ ಇನ್ನೊಂದು ಪ್ರತಿ ನಗರದ ಮನೆಯ ಕಂಪ್ಯೂಟರಿನಲ್ಲಿ ಇದ್ದರೆ ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಹೊಸ ಕಾರ್ಡನ್ನೇ ಒಯ್ಯಬಹುದು.